ಬಸ್ ಸ್ಟ್ಯಾಂಡಿನಲ್ಲಿ ಹಾಕಿದ ಜಡೆ

ಬೆಂಗಳೂರಿನ ಬಸ್ಸಿನಿಂದ ಇಳಿದವಳೇ ಅಮ್ಮ ನನ್ನನ್ನು ಚಿಂತಾಮಣಿ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂರಿಸಿದಳು. ಚೀಲದಿಂದ ಬಾಚಣಿಗೆ ತೆಗೆದು, ನಾನೇ ಹಾಕಿಕೊಂಡಿದ್ದ ಸೊಟ್ಟ ಜಡೆಗಳನ್ನು ಬಿಚ್ಚತೊಡಗಿದಳು. ಪಕ್ಕದಲ್ಲಿ ಟೊಮೇಟೊ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅಜ್ಜಿ ಗದರಿದರು: “ದೀಪ ಹಚ್ಚೋ ಹೊತ್ತಲ್ಲಿ ತಲೆ ಬಾಚ್ತಾರೇನಮ್ಮ?” ಮನೆಯಲ್ಲಿ ಈ ಮಾತು ಹೇಳುತ್ತಿದ್ದವಳು ಅಮ್ಮನೇ. ಅಂದು ಸುಮ್ಮನೆ ನಕ್ಕಳು.

ತೊಂಬತ್ತರ ದಶಕದ ಆರಂಭ. ನಾನು ಮೂರನೇ ಕ್ಲಾಸು. ಅಮ್ಮನ ಎದೆಯಲ್ಲೊಂದು ಗಂಟು ಕಾಣಿಸಿಕೊಂಡು, ಊರಿನ ಡಾಕ್ಟರು ಕ್ಯಾನ್ಸರ್ ಇರಬಹುದೆಂದು ಬೆಂಗಳೂರಿಗೆ ಕಳಿಸಿದ್ದರು. ಆವತ್ತಿನಿಂದ ಅಮ್ಮ ನನಗೆ ಜಡೆ ಹಾಕುವುದನ್ನೇ ಬಿಟ್ಟಿದ್ದಳು. ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಲ್ಲಿಸಿ, ನೀನೇ ಹಾಕಿಕೊಳ್ಳುವುದನ್ನು ಕಲಿ ಎನ್ನುತ್ತಿದ್ದಳು. ಕೈ ನೋಯುತ್ತದೆಂದು ಅತ್ತರೂ ಬಿಡುತ್ತಿರಲಿಲ್ಲ. ನನ್ನ ಮೇಲೆ ಏನೋ ಕೋಪ ಅಂದುಕೊಂಡಿದ್ದೆ.

ಗಂಟಿನ ಚೂರು ತೆಗೆದು ಮಾಡಿದ ಪರೀಕ್ಷೆಯ ಫಲಿತಾಂಶ ಅಂದು ಬಂದಿತ್ತು. ಅದು ಕ್ಯಾನ್ಸರ್ ಅಲ್ಲ, ನೋಡಲು ಹಾಗೆಯೇ ಕಾಣುವ ಅಪರೂಪದ ಬಾವು, ಔಷಧಿಗೆ ಇಳಿಯುತ್ತದೆ ಎಂದಿದ್ದರು ದೊಡ್ಡ ಡಾಕ್ಟರು.

“ನಾನೇ ಹಾಕ್ಕೋತೀನಿ ಬಿಡು,” ಎಂದೆ, ಇನ್ನೂ ಮುನಿಸಿನಲ್ಲೇ.

ಅಮ್ಮ ನನ್ನ ತಲೆಯನ್ನು ತನ್ನ ಕಡೆಗೆ ಎಳೆದುಕೊಂಡಳು. “ಈಗೇನೂ ಅವಸರ ಇಲ್ಲ ಕಣೇ. ನಿಧಾನಕ್ಕೆ ಕಲೀವಂತೆ.”

ಬಾವು ಇಳಿಯಲು ತಿಂಗಳುಗಟ್ಟಲೆ ಹಿಡಿಯಿತು, ಆದರೆ ಇಳಿಯಿತು. ನೆಟ್ಟಗೆ ಜಡೆ ಹಾಕಿಕೊಳ್ಳುವುದನ್ನು ಮಾತ್ರ ನಾನು ಕಲಿಯಲೇ ಇಲ್ಲ. ಮದುವೆಯ ದಿನವೂ ಬಾಚಣಿಗೆ ಹಿಡಿದು ಅಮ್ಮನ ಮುಂದೆಯೇ ಹೋಗಿ ಕುಳಿತೆ.