ಹಂದಿಯ ಕಿಡ್ನಿಗೆ ಅಪ್ಪನ ಒಪ್ಪಿಗೆ

ಒಂದು ಮನೆಯ ಸ್ಟೀಲ್ ಲೋಟಗಳಲ್ಲಿ ಯಾವೆರಡೂ ಒಂದೇ ಅಳತೆಯವಲ್ಲ ಎಂಬುದನ್ನು ನೀವು ಪರೀಕ್ಷಿಸಿರಲಾರಿರಿ, ನಾನು ಪರೀಕ್ಷಿಸಿದ್ದೇನೆ. ಸವಣೂರಿನ ನಮ್ಮ ಮನೆಯಲ್ಲಿ ಹದಿನಾಲ್ಕು ಲೋಟಗಳಿವೆ. ಅತಿ ಚಿಕ್ಕದಕ್ಕೂ ಅತಿ ದೊಡ್ಡದಕ್ಕೂ ನೂರಾ ಹತ್ತು ಮಿಲಿಲೀಟರ್ ಅಂತರ. ಅಪ್ಪನ ಎರಡೂ ಕಿಡ್ನಿ ಕೆಟ್ಟು, ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ನೀರು ಕುಡಿಯಬಾರದೆಂದು ಡಾಕ್ಟರು ಹೇಳಿದ ದಿನದಿಂದ ನನ್ನ ದಿನಚರಿಯಲ್ಲಿ ನೀರಿಗೊಂದು ಅಂಕಣ ಸೇರಿಕೊಂಡಿತು. ಹಾನಗಲ್ಲಿನ ಶಾಲೆಯೊಂದರಲ್ಲಿ ಗಣಿತ ಕಲಿಸುವ ನನಗೆ ಇದು ಕಷ್ಟದ ಕೆಲಸವಲ್ಲ. ಕಷ್ಟವಾದದ್ದು, ಸಂಸ್ಕೃತ ಮಾಸ್ತರರಾಗಿ ನಿವೃತ್ತರಾದ ಅಪ್ಪನ ಗಣಿತ.

ಏಕಾದಶಿ ಬಂತು. ಅಪ್ಪ ಪದ್ಧತಿಯಂತೆ ಹನಿ ನೀರೂ ಮುಟ್ಟಲಿಲ್ಲ. ನಾನು ಸಂತೋಷದಿಂದ ಸೊನ್ನೆ ಬರೆದೆ. ಮರುದಿನ ದ್ವಾದಶಿಯ ಪಾರಣೆಗೆ ಕುಳಿತವರು, ನಿನ್ನೆ ಕುಡಿಯದ ಲೀಟರು ಇವತ್ತಿಗೆ ಸೇರುತ್ತದೆಂದು ಸ್ವತಂತ್ರವಾಗಿ ತೀರ್ಮಾನಿಸಿ, ಎರಡು ದಿನದ್ದನ್ನೂ ಮಧ್ಯಾಹ್ನದೊಳಗೆ ಕುಡಿದು ಮುಗಿಸಿದರು. ಸಂಜೆಗೆ ಉಸಿರು ಸಿಕ್ಕಿಕೊಂಡಿತು. ಶಿಗ್ಗಾಂವಿಗೆ ಆಂಬುಲೆನ್ಸಿನಲ್ಲಿ ಹೋಗುವಾಗ ಆಕ್ಸಿಜನ್ ಮಾಸ್ಕ್ ಸರಿಸಿ, “ಹಂಗಾರ ಉಪವಾಸ ಮಾಡಿದ್ದಕ್ಕ ಏನೂ ಬೆಲೆ ಇಲ್ಲೇನು?” ಎಂದು ಕೇಳಿದರು. ಡಾಕ್ಟರು ಮಾತ್ರ, ಹೃದಯ ಸೋಲುತ್ತಿದೆ, ಡಯಾಲಿಸಿಸ್ಸನ್ನೇ ನಂಬಿ ಬಹಳ ದಿನ ಕೂಡಬೇಡಿ, ಬೇರೆ ಕಿಡ್ನಿ ಹಾಕಿಸಿ ಎಂದರು.

ಅವ್ವನಿಗೆ ಸಕ್ಕರೆ ಕಾಯಿಲೆ. ಉಳಿದವಳು ನಾನು. ಪರೀಕ್ಷೆಗಳೆಲ್ಲ ಹೊಂದಿಕೊಂಡವು, ಹೊಂದಿಕೊಳ್ಳದವರು ಅಪ್ಪ ಒಬ್ಬರೇ. ನನ್ನ ಕಿಡ್ನಿ ಒಲ್ಲೆ ಎನ್ನಲು ಅವರು ಕೊಟ್ಟ ಕಾರಣಗಳನ್ನು ಬರೆದಿಟ್ಟಿದ್ದೇನೆ. ಲಗ್ನವಾಗಬೇಕಾದ ಹುಡುಗಿ ಎಂಬುದು ಏಳು ಸಲ. ತಮಗೆ ಈಗ ಆರಾಮ ಅನಿಸುತ್ತಿದೆ ಎಂಬುದು ಐದು ಸಲ. ಆಷಾಢ ಎಂಬುದು ಮೂರು ಸಲ. ಅವುಗಳಲ್ಲಿ ಎರಡು ಸಲ ಆಷಾಢವಿರಲಿಲ್ಲ.

ಹೀಗಿರುವಾಗ ಹಂದಿ ಬಂತು. ವಾರಕ್ಕೆ ಎರಡು ದಿನ ಶಿಗ್ಗಾಂವಿಯ ಆಸ್ಪತ್ರೆಯಲ್ಲಿ ಅಪ್ಪ ಡಯಾಲಿಸಿಸ್ಸಿಗೆ ಮಲಗುವ ಮಂಚದ ಪಕ್ಕದಲ್ಲಿ ಖಾದರಸಾಬರು ಮಲಗುತ್ತಾರೆ. ಅವರೂ ಸವಣೂರಿನವರೇ, ವೀಳ್ಯದೆಲೆ ವ್ಯಾಪಾರಿ. ಒಂದು ಸೋಮವಾರ ಪತ್ರಿಕೆ ಹಿಡಿದು ಗಟ್ಟಿಯಾಗಿ ಓದಿದರು:

“ಆಚಾರ್ರ, ಕೇಳ್ರಿ ಇಲ್ಲಿ. ಅಮೆರಿಕಾದಾಗ ಹಂದಿ ಕಿಡ್ನಿ ತಗದು ಮನಷ್ಯಾಗ ಹಾಕ್ಯಾರಂತ.”

ನರ್ಸ್ ಸಹಿತ ಇಡೀ ಕೋಣೆ ಅಪ್ಪನ ಮುಖ ನೋಡಿತು. ಉಳ್ಳಾಗಡ್ಡಿ ಹುರಿಯುವ ಮನೆಯ ಮುಂದೆ ಉಸಿರು ಬಿಗಿಹಿಡಿದು ಹಾಯುವವರು ನಮ್ಮಪ್ಪ.

“ಹಾಕಲಿ. ನನಗೂ ಅದನ್ನ ಹಾಕಲಿ,” ಎಂದರು ಅಪ್ಪ. “ಮೂರನೇ ಅವತಾರನ ವರಾಹ. ನಮಗೇನು ಅಂವ ಹೊಸಬ ಅಲ್ಲ.”

“ನಿಮಗ ಅವತಾರ ಐತಿ, ಪಾರಾದ್ರಿ. ನಾ ಎಲ್ಲಿ ಹೋಗ್ಲಿ?” ಎಂದ ಖಾದರಸಾಬರು, ಗುರುವಾರ ಬರುವಾಗ ತಮ್ಮ ಮೌಲ್ವಿಯವರನ್ನು ಕೇಳಿಕೊಂಡೇ ಬಂದರು. ಬೇರೆ ದಾರಿಯಿಲ್ಲದೆ ಜೀವ ಹೋಗುವ ಹೊತ್ತಾದರೆ ಅಡ್ಡಿಯಿಲ್ಲವಂತೆ. ಹೀಗೆ ಒಂದೇ ವಾರದಲ್ಲಿ ಎರಡು ಧರ್ಮಗಳ ಪರವಾನಗಿಯೂ ದೊರೆತು, ಹಂದಿ ಮಾತ್ರ ಬಾಕಿ ಉಳಿಯಿತು.

ನಾನು ಓದಿ ತಿಳಿದು ಅಪ್ಪನಿಗೆ ವಿವರಿಸಿದೆ: ಆ ಹಂದಿಯ ಕೆಲವು ವಂಶವಾಹಿಗಳನ್ನು ತೆಗೆದು, ಮನುಷ್ಯನ ಕೆಲವನ್ನು ಸೇರಿಸುತ್ತಾರೆ, ನಮ್ಮ ದೇಹ ಅದನ್ನು ಪರಕೀಯವೆಂದು ತಿರಸ್ಕರಿಸದಿರಲಿ ಎಂದು. “ಅಂದ್ರ ಶುದ್ಧಿ ಮಾಡ್ತಾರ ಅನ್ನು,” ಎಂದು ಅಪ್ಪ ಸಮಾಧಾನಪಟ್ಟರು. ಅದಿನ್ನೂ ಪ್ರಯೋಗದ ಹಂತದಲ್ಲಿದೆ, ನಮ್ಮ ಕಡೆ ಸದ್ಯಕ್ಕೆ ಬರುವುದಿಲ್ಲ ಎಂದದ್ದು ಅವರ ಕಿವಿಗೆ ಬೀಳಲಿಲ್ಲ. ಹಂದಿ ಹುಬ್ಬಳ್ಳಿಗೆ ಯಾವಾಗ ಬರುತ್ತದೆಂದು ಹನ್ನೊಂದು ಸಲ ಕೇಳಿದರು. ಅಷ್ಟರಲ್ಲಿ ವಾರದ ಎರಡು ಡಯಾಲಿಸಿಸ್ ಮೂರಾಗಿ, ಬಸ್ಸಿನ ಮೆಟ್ಟಿಲು ಹತ್ತಲು ಅವರಿಗೆ ನನ್ನ ಭುಜ ಬೇಕಾಯಿತು.

ತಂದೆಯ ಲೆಕ್ಕದಲ್ಲಿ ಹಂದಿಗಿಂತ ಕೆಳಗೆ ಬರುವುದು ಯಾವ ಮಗಳಿಗೂ ಸುಲಭವಲ್ಲ. ಒಂದು ದಿನ ಮಷೀನಿನ ಮುಂದೆಯೇ ಕೇಳಿಬಿಟ್ಟೆ:

“ಹಂದೀದು ಆಗ್ತದ, ನಂದು ಆಗೂದಿಲ್ಲೇನಪ್ಪಾ?”

“ಅದರ ಲಗ್ನ ನಾ ಮಾಡಬೇಕಾಗಿಲ್ಲ.”

ಪಕ್ಕದ ಮಂಚದಿಂದ ಖಾದರಸಾಬರು ತಲೆ ಎತ್ತಿದರು. “ಆಚಾರ್ರ, ಕೊಡ್ತಿಯೇನಂತ ಆ ಹಂದಿಗೆ ಯಾರರ ಕೇಳ್ತಾರೇನ್ರಿ? ಕೊಯ್ದು ತಗೋತಾರ. ಇಲ್ಲಿ ಈ ಹುಡುಗಿ ನೀವು ಕೇಳದನ ಕೊಡಾಕತ್ತೈತಿ. ಕಸಗೊಂಡಿದ್ದು ನಿಮಗ ನಡೀತೈತಿ, ಕೊಟ್ಟಿದ್ದು ನಡ್ಯಾಂಗಿಲ್ಲ. ಇದ್ಯಾವ ಶಾಸ್ತ್ರರೀ?”

ಹಿರೇಕೆರೂರು, ಹಂಸಭಾವಿಯವರೆಗೂ ಹೋಗಿ ದಾನದ ಮೇಲೆ ಪ್ರವಚನ ಮಾಡಿ ಬಂದ ಅಪ್ಪ, ಮಷೀನು ನಿಲ್ಲುವ ತನಕ ಮೇಲಿನ ಫ್ಯಾನನ್ನೇ ನೋಡುತ್ತಿದ್ದರು. ಅಲ್ಲಿಯವರೆಗೆ ಇದು ಹಂದಿಯ ಯೋಗ್ಯತೆಯ ಪ್ರಶ್ನೆ ಎಂದೇ ನಾನು ತಿಳಿದಿದ್ದೆ. ಹಂದಿಗೆ ಆಪರೇಶನ್ ಆದಮೇಲೆ ಅದು ಎದ್ದೀತೋ ಇಲ್ಲವೋ ಎಂದು ಅಪ್ಪ ಕಾಯುತ್ತ ಕೂಡಬೇಕಾಗಿರಲಿಲ್ಲ, ನನಗಾಗಿ ಕಾಯಬೇಕಾಗುತ್ತಿತ್ತು. ನಾನು ಬರೆದಿಟ್ಟ ಹದಿನೈದು ಕಾರಣಗಳಲ್ಲಿ ಅವರು ಇದೊಂದನ್ನು ಹೇಳಿರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಸವಣೂರು ಬಸ್ಸಿಗೆ ಕಾಯುವಾಗ ಕೇಳಿದರು, “ಯಾವ ಕಡೀದು ತಗೀತಾರ?”

“ಹೆಚ್ಚಾಗಿ ಎಡಗಡೀದು.”

“ಎಡಗಡೆಯಿಂದ ಯಾರಿಗೂ ಏನೂ ಕೊಡಬಾರದಂತ ಸಣ್ಣಾಕಿ ಇದ್ದಾಗಿಂದ ಹೇಳೀನಿ ನಿನಗ.”

ಬಸ್ಸು ಬಂದು ನಿಂತಿತು. ನನ್ನ ಭುಜ ಹಿಡಿದು ಮೆಟ್ಟಿಲ ಮೇಲೆ ಒಂದು ಕಾಲಿಟ್ಟವರು, ಹಿಂದಿನವರು ಕಾಯುತ್ತಿದ್ದರೂ ಅಲ್ಲೇ ನಿಂತು, “ಈ ಸಲ ನಡೀತದ,” ಎಂದರು.