ಐವತ್ತು ಎಲೆಯ ಮದುವೆ

ನನ್ನ ಅಕ್ಕನ ಮದುವೆ ಎರಡನೆಯ ಮಹಾಯುದ್ಧಕ್ಕೆ ಮೊದಲೇ ಆಗಿಹೋಗಿತ್ತು. ನನ್ನ ಮದುವೆಯ ಹೊತ್ತಿಗೆ ಯುದ್ಧ ಜೋರಾಗಿ ನಡೆದಿತ್ತು. ಅವಳ ಮೇಲೆ ನನಗಿದ್ದ ಹೊಟ್ಟೆಕಿಚ್ಚಿಗೆ ಬೇರೆ ಕಾರಣಗಳೂ ಇದ್ದವು. ಅವಳು ನನಗಿಂತ ಬೆಳ್ಳಗಿದ್ದಳು, ಅವಳ ಜಡೆ ನನ್ನದಕ್ಕಿಂತ ದಪ್ಪಗಿತ್ತು. ಆದರೆ ಮನಸ್ಸಿನಲ್ಲಿ ಉಳಿದು ಕೊರೆದದ್ದು ಮದುವೆಯೇ.

ಪುಣೆಯ ಶನಿವಾರ ಪೇಠೆಯ ಒಂದು ವಾಡೆಯಲ್ಲಿ ನಾವಿದ್ದೆವು. ಅಂಗಳದ ಸುತ್ತ ಹಲವು ಬಿಡಾರಗಳು. ಅಲ್ಲಿ ಕನ್ನಡದವರು ನಾವೊಬ್ಬರೇ. ಅಪ್ಪ ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ಕಾರಕೂನ. ಅಕ್ಕನ ಮದುವೆಗೆ ನಮ್ಮ ಅಂಗಳ ಸಾಲದೆ ಪಕ್ಕದ ವಾಡೆಯದನ್ನೂ ಕೇಳಿ ತೆಗೆದುಕೊಂಡಿದ್ದರು. ಒಂದು ಪಂಕ್ತಿ ಏಳುವುದರೊಳಗೆ ಇನ್ನೊಂದು ಪಂಕ್ತಿಯವರು ಕೈಕಾಲು ತೊಳೆದು ನಿಂತಿರುತ್ತಿದ್ದರು. ಬುಂದಿ ಲಾಡುಗಳನ್ನು ಬುಟ್ಟಿಯಲ್ಲಿ ತುಂಬಿಕೊಂಡು ಬಂದು ಬಡಿಸಿದರು. ನಾನು ಇನ್ನೂ ಪರಕಾರ, ಅಂದರೆ ಲಂಗ, ಉಡುವ ಹುಡುಗಿ, ನೀರಿನ ತಂಬಿಗೆ ಹಿಡಿದು ಓಡಾಡುತ್ತಿದ್ದೆ. ಓಡಾಡುತ್ತಲೇ ನನ್ನ ಮದುವೆಯನ್ನು ಮನಸ್ಸಿನಲ್ಲಿ ಕಟ್ಟಿಕೊಂಡೆ. ಅಕ್ಕನದಕ್ಕಿಂತ ಒಂದು ಪಂಕ್ತಿಯಾದರೂ ಹೆಚ್ಚಿರಬೇಕು, ಅಷ್ಟೇ ನನ್ನ ಆಸೆ.

ಅಕ್ಕ ಹೋದದ್ದು ಕೃಷ್ಣೆಯ ಆಚೆಯ ಒಂದು ಸಣ್ಣ ಸಂಸ್ಥಾನಕ್ಕೆ. ಅವಳ ಮಾವ ಅಲ್ಲಿ ರಾಜರ ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ವರ್ಷಕ್ಕೊಮ್ಮೆ ತವರಿಗೆ ಬಂದಾಗ ಅವಳ ಟ್ರಂಕಿನಿಂದ ಹೊಸ ಇಳಕಲ್ ಸೀರೆ ಹೊರಬೀಳುತ್ತಿತ್ತು. ಅವ್ವ ಅದನ್ನು ವಾಡೆಯ ಹೆಂಗಸರಿಗೆಲ್ಲ ತೋರಿಸುತ್ತಿದ್ದಳು. ಅದನ್ನು ಮಡಿಸಿಡುವ ಕೆಲಸ ನನಗೆ ಬರುತ್ತಿತ್ತು.

ನನಗೆ ಗಂಡು ಗೊತ್ತಾಗುವ ಹೊತ್ತಿಗೆ ಪುಣೆಯಲ್ಲಿ ಎಲ್ಲದಕ್ಕೂ ಕಂಟ್ರೋಲ್ ಬಂದಿತ್ತು. ಅಕ್ಕಿ, ಗೋಧಿ, ಸಕ್ಕರೆ, ಸೀಮೆಎಣ್ಣೆ, ಅರಿವೆ, ಯಾವುದೂ ಸರಕಾರದ ಚೀಟಿಯಿಲ್ಲದೆ ಮನೆಗೆ ಬರುತ್ತಿರಲಿಲ್ಲ. ಹುಡುಗ ಪುಣೆಯ ಅಂಚೆ ಕಚೇರಿಯಲ್ಲೇ ಕೆಲಸದಲ್ಲಿದ್ದ, ಮನೆಯವರು ಹುಬ್ಬಳ್ಳಿ ಕಡೆಯವರು. ಮಾತುಕತೆ ಮುಗಿದ ಸಂಜೆ ಅಪ್ಪ ಟೊಪ್ಪಿಗೆ ತೆಗೆದು ಗೂಟಕ್ಕೆ ಹಾಕುತ್ತ ಹೇಳಿದರು: "ಐವತ್ತು ಮಂದಿಗಿಂತ ಹೆಚ್ಚಿಗೆ ಉಣ್ಣಾಕ ಹಾಕೂಹಂಗಿಲ್ಲ. ಹುಕುಂ ಬಂದದ."

ಗಂಡಿನ ಕಡೆಯವರೇ ಐವತ್ತಕ್ಕೆ ಹತ್ತಿರವಾಗುತ್ತಿದ್ದರು. ಹಾಗಾದರೆ ವಾಡೆಯವರು? ನನ್ನ ಗೆಳತಿಯರು? ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತು ಅತ್ತೆ. ಅಕ್ಕನಿಗಾಗಿ ಎರಡು ಅಂಗಳ ತುಂಬಿದ್ದವು. ನನ್ನ ಮದುವೆಗೆ ಅಂಗಳದ ಒಂದು ಮೂಲೆಯೇ ಹೆಚ್ಚಾಗುತ್ತಿತ್ತು.

ಆ ಹುಕುಮಿಗೆ ನನಗಿಂತ ಹೆಚ್ಚು ಸಿಟ್ಟಾದವರು ಕಾಕಾ, ಅಪ್ಪನ ತಮ್ಮ. ಬುಧವಾರ ಪೇಠೆಯಲ್ಲಿ ಅವರದು ಖಾನಾವಳಿ. ಜೋಳದ ರೊಟ್ಟಿ, ಎಣ್ಣೆಗಾಯಿ ಉಣ್ಣಲು ಕರ್ನಾಟಕದ ಕಡೆಯ ಗುಮಾಸ್ತರೆಲ್ಲ ಅಲ್ಲಿಗೇ ಬರುತ್ತಿದ್ದರು. ಕಂಟ್ರೋಲ್ ಬಂದಮೇಲೆ ಯಾರಿಗೆ ಎಷ್ಟು ಅನ್ನ ಬಡಿಸಬೇಕೆಂಬುದನ್ನೂ ಸರಕಾರವೇ ಹೇಳಿಕೊಡುತ್ತಿತ್ತು. ಹಸಿದವನು ಇನ್ನೊಂದು ರೊಟ್ಟಿ ಕೇಳಿದರೆ ಕಾಕಾ ಮೊದಲು ಬಾಗಿಲ ಕಡೆ ನೋಡಬೇಕಾಗಿತ್ತು. ಆ ಅವಮಾನ ಅವರ ಮೈಯಲ್ಲಿ ಉರಿಯುತ್ತಿತ್ತು.

"ನನ್ನ ಮನಿ, ನನ್ನ ಒಲಿ, ನನ್ನ ಮಗಳ ಮದುವಿ," ಅಂದರು ಕಾಕಾ. ಅವರಿಗೆ ಮಕ್ಕಳಿರಲಿಲ್ಲ, ನಮ್ಮನ್ನೇ ಮಗಳು ಅನ್ನುತ್ತಿದ್ದರು. "ಯಾರ್ನ ಕರೀಬೇಕು, ಯಾರ್ನ ಬಿಡಬೇಕು ಅನ್ನೂದು ಸರಕಾರ ಹೇಳಬೇಕೇನಣ್ಣಾ?"

"ಬಂಗಾಲದಾಗ ಜನ ಬೀದ್ಯಾಗ ಬಿದ್ದು ಸತ್ತಾರ," ಅಂದರು ಅಪ್ಪ. "ಇಂಥಾ ಹೊತ್ತಿನಾಗ ಲಾಡು ಹಂಚ್ಕೋತ ಕೂಡೂದು ಚಲೋ ಕಾಣ್ತದೇನು?"

"ನಾವು ಉಣ್ಣೂದು ಬಿಟ್ರ ಆ ಅಕ್ಕಿ ಬಂಗಾಲಕ್ಕ ಹೋಗ್ತದೇನು? ದಂಡಿಗೆ ಹೋಗ್ತದ. ಒಂದು ಜಿಲ್ಲಾದಿಂದ ಇನ್ನೊಂದು ಜಿಲ್ಲಾಕ್ಕ ಕಾಳು ಒಯ್ಯಾಕ ಬಿಟ್ಟಿದ್ರ ವ್ಯಾಪಾರಸ್ಥ ತಾನಾಗೇ ಒಯ್ತಿದ್ದ. ನಾಕಾದಾಗ ಗಾಡಿ ಹಿಡಿದು ನಿಲ್ಲಿಸಿದವರು ಯಾರು?"

"ವ್ಯಾಪಾರಸ್ಥ ಒಯ್ತಿದ್ನೋ, ಗೋದಾಮಿನಾಗ ಮುಚ್ಚಿಡ್ತಿದ್ನೋ, ಯಾವಾಂವ ಬಲ್ಲ?"

ಇಬ್ಬರೂ ಪ್ರತಿ ರವಿವಾರ ಹೀಗೇ ಜಗಳಾಡುತ್ತಿದ್ದರು. ನನಗೆ ಇಬ್ಬರ ಮಾತೂ ಸರಿ ಅನ್ನಿಸುತ್ತಿತ್ತು, ಯಾವುದೂ ಬೇಕಾಗಿರಲಿಲ್ಲ. ನನಗೆ ಬೇಕಾದದ್ದು ಪಂಕ್ತಿ.

ಅಷ್ಟರಲ್ಲಿ ಅಕ್ಕ ಬಂದಳು. ವಿಷಯ ಕೇಳಿ ನಕ್ಕುಬಿಟ್ಟಳು. "ಇದಕ್ಯಾಕ ಇಷ್ಟು ತಲಿ ಕೆಡಿಸ್ಕೋತೀರಿ? ನಮ್ಮ ಮನಿ ಅಂಗಳದಾಗ ಮಾಡೋಣು ಬರ್ರಿ. ನಮ್ಮ ರಾಜರ ಹದ್ದಿನಾಗ ಇಂಗ್ಲಿಷರ ಹುಕುಂ ನಡ್ಯೂದಿಲ್ಲ. ನಮ್ಮ ಮಾವಾರು ಒಂದು ಮಾತು ಹೇಳಿದ್ರ ಸಕ್ಕರಿ ಚೀಲನಽ ಬಂದು ಬೀಳ್ತಾವ."

ಅಪ್ಪನ ಮುಖ ಅರಳಿತು. ಅವ್ವ ದೇವರಿಗೆ ತುಪ್ಪದ ದೀಪ ಹಚ್ಚುತ್ತೇನೆಂದಳು. ಅಕ್ಕ ಅಲ್ಲಿಯೇ ಎಲ್ಲ ತೀರ್ಮಾನ ಮಾಡತೊಡಗಿದಳು: ಹಂದರ ಎಲ್ಲಿ ಹಾಕಿಸುವುದು, ಬೀಗರನ್ನು ಎಲ್ಲಿ ಇಳಿಸುವುದು, ನಾನು ಅವಳ ಯಾವ ಸೀರೆ ಉಡುವುದು. ನನಗೆ ಅವಳ ಅತ್ತೆಮನೆಯ ಅಂಗಳ ಕಣ್ಣಿಗೆ ಕಟ್ಟಿತು. ನನ್ನ ಮದುವೆಯ ಊಟ ಉಂಡವರೆಲ್ಲ ಅವಳಿಗೆ ಶಭಾಸ್ ಹೇಳಿ ಏಳುತ್ತಾರೆ. ಅವಳು ತನ್ನದೇ ಹಳೆಯ ಸೀರೆ ಉಡಿಸಿ ನನ್ನನ್ನು ಧಾರೆ ಎರೆಸುತ್ತಾಳೆ. ಎದೆಯೊಳಗೆ ಬೆಂಕಿ ಬಿದ್ದಂತಾಯಿತು.

ಆಗ ಕಾಕಾ ಕೇಳಿದರು: "ಎಲ್ಲಾರೂ ಮಾತಾಡಿದ್ರಿ. ಮದುವಿ ಆಗಾಕಿನ್ನ ಯಾರರೆ ಕೇಳಿದ್ರೇನು? ಹೇಳವಾ, ನಿನಗೇನ ಬೇಕು?"

ಹೆಣ್ಣುಮಕ್ಕಳನ್ನು ಹಾಗೆ ಕೇಳುವ ರೂಢಿ ನಮ್ಮಲ್ಲಿರಲಿಲ್ಲ. ಆದರೆ ಕಾಕಾ ಸರಕಾರಕ್ಕೆ ಕೊಡಲೊಲ್ಲದ ಅಧಿಕಾರವನ್ನು ಮನೆಯವರಿಗೂ ಕೊಡುವವರಲ್ಲ. ಎಲ್ಲರೂ ನನ್ನ ಕಡೆ ನೋಡಿದರು.

"ನಾ ಒಲ್ಲೆ," ಅಂದೆ. "ನಮ್ಮ ವಾಡೇದಾಗಽ ಆಗ್ಲಿ. ಐವತ್ತಽ ಇರ್ಲಿ."

ಕಾಕಾ ತೊಡೆ ತಟ್ಟಿದರು. "ಭೇಷ್! ರಾಜರ ಕೃಪಾನೂ ಒಂದು ಪರ್ಮಿಟ್ಟಽ ಅಲ್ಲೇನು? ನಮ್ಮ ಹುಡುಗಿಗೆ ತತ್ವ ಅದ!"

ತತ್ವವೂ ಇಲ್ಲ, ಮಣ್ಣೂ ಇಲ್ಲ. ಅಕ್ಕನ ಮುಖ ಸಣ್ಣಗಾದದ್ದನ್ನು ನೋಡಿ ನನಗೆ ತಣ್ಣಗಾಯಿತು, ಅಷ್ಟೇ.

ಆಮೇಲೆ ಕಾಕಾ ಹುಕುಮಿನ ಪ್ರತಿ ತಂದು ವಕೀಲರಿಂದ ಓದಿಸಿದರು. ಐವತ್ತರ ಲೆಕ್ಕ ಇದ್ದದ್ದು ಕಾಳಿನ ಊಟಕ್ಕೆ. ಗೆಡ್ಡೆ, ಹಣ್ಣು, ಶೇಂಗಾ ಇವುಗಳ ಮಾತೇ ಅದರಲ್ಲಿ ಇರಲಿಲ್ಲ. "ಹಂಗಾದ್ರ ಬೀಗರಿಗೆ ಅನ್ನ, ವಾಡೇದವರಿಗೆ ಉಪವಾಸದ ಫರಾಳ!" ಅಂದರು ಕಾಕಾ. ಏಕಾದಶಿಗೆ ತಿನ್ನುವುದನ್ನು ಮದುವೆಯಲ್ಲಿ ಬಡಿಸುವುದೆಂದರೆ ಅವ್ವನಿಗೆ ಅಪಶಕುನ. ಎರಡು ದಿನ ಅವಳು ಕಾಕಾನ ಜೊತೆ ಮಾತು ಬಿಟ್ಟಳು. ಕಾಕಾ ಬಿಡಲಿಲ್ಲ.

ಮದುವೆಯ ದಿನ ಅಕ್ಷತೆ ಬಿದ್ದಮೇಲೆ ಗಂಡಿನವರ ಪಂಕ್ತಿ ಒಳಗೆ ಕೂತಿತು. ಹೊರಗೆ ಅಂಗಳದಲ್ಲಿ ವಾಡೆಯವರು, ಆಚೆಯ ಓಣಿಯವರು, ಖಾನಾವಳಿಯ ಗುಮಾಸ್ತರು ಎಲ್ಲ ಸಾಲಾಗಿ ಕೂತರು. ಅವರ ಎಲೆಗೆ ಬೆಲ್ಲದಲ್ಲಿ ಕುದಿಸಿದ ಗೆಣಸು, ಬಟಾಟಿ ಪಲ್ಯ, ಶೇಂಗಾ ಆಮಟಿಯ ಸಾರು, ಮೊಸರು, ಬಾಳೆಹಣ್ಣು ಬಿದ್ದವು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಪಕ್ಕದಲ್ಲಿ ಅಕ್ಕ, ಜರಿಯ ಸೆರಗು ಹೊದ್ದು. ನಾನು ಅವಳ ಮುಖ ನೋಡಲಿಲ್ಲ. ಅವಳ ಮದುವೆಯನ್ನು ಕಂಡವರೇ ನನ್ನ ಮದುವೆಯಲ್ಲಿ ಗೆಣಸು ತಿನ್ನುತ್ತಿದ್ದರು.

ಅದೇ ಹೊತ್ತಿಗೆ ರೇಶನಿಂಗ್ ಇನ್ಸ್‌ಪೆಕ್ಟರ್ ಬಂದ. ಯಾರೋ ಸುದ್ದಿ ಕೊಟ್ಟಿರಬೇಕು. ಒಳಗಿನ ಎಲೆಗಳನ್ನು ಬೆರಳಿನಿಂದ ತೋರಿಸುತ್ತ ಎಣಿಸಿದ. ಐವತ್ತರೊಳಗೇ ಇದ್ದವು. ಹೊರಗೆ ಬಂದು ಅಂಗಳದ ಸಾಲು ನೋಡಿ ಕಣ್ಣರಳಿಸಿದ.

"ಹೇ ಕಾಯ್?" ಇದೇನು ಎಂದು ಮರಾಠಿಯಲ್ಲಿ ಕೇಳಿದ.

"ಉಪಾಸ," ಅಂದರು ಕಾಕಾ.

"ಲಗ್ನಾತ್ ಉಪಾಸ?" ಮದುವೆಯಲ್ಲಿ ಉಪವಾಸವೇ ಎಂದು ಅವನು ನಗಲೂ ಆಗದೆ ಬೈಯಲೂ ಆಗದೆ ನಿಂತ.

ಉಪವಾಸ ಮಾಡುವುದಕ್ಕೂ ಸರಕಾರದ ಅಪ್ಪಣೆ ಬೇಕೇನೆಂದು ಕಾಕಾ ಗಟ್ಟಿಯಾಗಿ ಕೇಳಿದರು. ಇನ್ಸ್‌ಪೆಕ್ಟರ್ ಬಗ್ಗಿ, ಗೆಣಸಿನ ಕೆಳಗೆ ಅನ್ನ ಅಡಗಿದೆಯೋ ಎಂದು ನೋಡಲು ಒಬ್ಬ ಮುದುಕಿಯ ಎಲೆಗೆ ಕೈಹಾಕಿದ. ಆಕೆ ನಮ್ಮ ವಾಡೆಯ ಮಡಿಯ ಅಜ್ಜಿ. ಎಲೆ ಬಿಟ್ಟು ಎದ್ದು ನಿಂತು, ಬೂಟುಗಾಲಲ್ಲಿ ಪಂಕ್ತಿಯೊಳಗೆ ಬಂದವನಿಗೆ ತಾಯಿ ತಂದೆ ಏನು ಕಲಿಸಿದ್ದಾರೆಂದು ಮರಾಠಿಯಲ್ಲಿ ಉಗಿದಳು. ಅಂಗಳವೆಲ್ಲ ನಕ್ಕಿತು. ಅವನು ಕೈ ಒರೆಸಿಕೊಳ್ಳುತ್ತ ಹೊರಟುಹೋದ. ಅಜ್ಜಿಗೆ ಬೇರೆ ಎಲೆ ಹಾಕಿಸಿದರು. ಅಪ್ಪ ಮಾತ್ರ ಖಡಕಿಯ ನೌಕರಿ ಹೋಯಿತೆಂದು ಬೆವೆತು ಕೂತಿದ್ದರು. ನೌಕರಿ ಹೋಗಲಿಲ್ಲ.

ಜನ ನಕ್ಕರು, ಉಂಡರು, ಹರಸಿದರು. ನನ್ನ ಕಣ್ಣು ಮಾತ್ರ ಅಕ್ಕನ ಸೆರಗಿನ ಮೇಲೆಯೇ ಇತ್ತು.

ದೇಶಕ್ಕೆ ಸ್ವಾತಂತ್ರ್ಯ ಬಂದ ಆಗಸ್ಟಿನಲ್ಲಿ ಅಕ್ಕ ಮತ್ತೆ ಪುಣೆಗೆ ಬಂದಿದ್ದಳು. ಕಾಕಾ ಖಾನಾವಳಿಯ ಮುಂದೆ ತೋರಣ ಕಟ್ಟಿ, ಬಂದವರಿಗೆಲ್ಲ ಹೊಟ್ಟೆತುಂಬ ಬಡಿಸಿದರು. ನಾಲ್ಕು ದಿನಕ್ಕೆ ಅವರಿಗೆ ನೋಟೀಸು ಬಂತು. ಕಂಟ್ರೋಲ್ ಇನ್ನೂ ಹೋಗಿರಲಿಲ್ಲ.

"ನೋಡಣ್ಣಾ, ಝೇಂಡಾ ಬದಲಾತು, ಎಲಿ ಎಣಸೂ ಬಟ್ಟು ಬದಲಾಗ್ಲಿಲ್ಲ," ಅಂದರು ಕಾಕಾ.

"ಈಗ ನಮ್ಮ ಸರಕಾರ. ಸ್ವಲ್ಪ ತಡಿ."

"ನಮ್ಮದಾದ್ರ ನನ್ನ ತಾಟಿನಾಗ ಕೈ ಹಾಕಬಹುದೇನು?"

ಅವರ ವಾದ ತವರಿನ ಪಡಸಾಲೆಯಲ್ಲಿ ಏರುತ್ತಿದ್ದಾಗ ಅಕ್ಕ, ನಾನು ಹಿತ್ತಿಲಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದೆವು. ಅವಳು ಇದ್ದಕ್ಕಿದ್ದಂತೆ ಕೇಳಿದಳು: "ಅವತ್ತು ನಮ್ಮ ಮನ್ಯಾಗ ಮದುವಿ ಒಲ್ಲೆ ಅಂದೀ ಅಲ್ಲ, ಯಾಕ?"

ನಾನು ಇನ್ನೊಂದು ಕಾಯಿ ಒಡೆದೆ. ಅವಳು ಉತ್ತರಕ್ಕೆ ಕಾಯಲಿಲ್ಲ.

"ನಂಗ ಅವತ್ತು ಭಾಳ ಸಿಟ್ಟು ಬಂದಿತ್ತು. ನೀ ಬ್ಯಾಡ ಅಂದದ್ದಕ್ಕಲ್ಲ. ಒಲ್ಲೆ ಅಂದಿ, ಎಲ್ಲಾರೂ ಕೇಳಿದ್ರು. ನನ್ನ ಮದುವಿಯೊಳಗ ಲಾಡು ಎಷ್ಟು ಮಾಡಬೇಕಂತ ಅಡಿಗಿಯವನ್ನ ಕೇಳಿದ್ರು, ನನ್ನ ಏನೂ ಕೇಳ್ಲಿಲ್ಲ. ಅಲ್ಲೂ ಹಂಗಽ ಅದ. ಇಲ್ಲಿಗೆ ಬರಬೇಕಂದ್ರ ಅತ್ತಿ ಹೂಂ ಅನ್ನೂತನಕ ಟ್ರಂಕ್ ತಗಿಯೂಹಂಗಿಲ್ಲ. ನಿನ್ನ ನೋಡಿದ್ರ ಹೊಟ್ಟಿಕಿಚ್ಚಾಗ್ತದ ನೋಡು."

ಅವಳ ಕಣ್ಣಲ್ಲಿ ನೀರಿತ್ತು. ತಂಗಿಯಾದವಳು ಆಗ ಅವಳ ಕೈ ಹಿಡಿಯಬೇಕು. ಹಿಡಿದೆ ಕೂಡ. ಆದರೆ ಹುಟ್ಟಿದಾಗಿನಿಂದ ಅವಳನ್ನು ನೋಡಿ ನಾನು ಬೆಂದದ್ದಾಗಿತ್ತು, ಈಗ ಅವಳು ನನ್ನನ್ನು ನೋಡಿ ಬೇಯುತ್ತಿದ್ದಳು. ಅದು ನನಗೆ ಬಹಳ ಹಿತವಾಗಿತ್ತು. ಆ ಮಾತನ್ನು ಇನ್ನೊಮ್ಮೆ ಹೇಳಲಿ ಎಂದುಕೊಂಡು, ಕೈ ಬಿಡದೆ ಕೂತೆ.