ಕಂಡಕ್ಟರರು ಪುಟ ತಿರುಗಿಸಿದ್ದು

ಕಂಡಕ್ಟರರು ನಿವೃತ್ತರಾಗಿ ಬಹಳ ಕಾಲವಾಗಿದ್ದರೂ ಅವರ ಹೆಬ್ಬೆರಳು ಮಾತ್ರ ಇನ್ನೂ ಡ್ಯೂಟಿಯಲ್ಲೇ ಇತ್ತು. ಏನು ಓದಲು ಹಿಡಿದರೂ ಅದು ಮೊದಲು ನಾಲಿಗೆಗೆ ಹೋಗಿ, ಆಮೇಲೆ ಹಾಳೆಗೆ ಬರುತ್ತಿತ್ತು. ಟಿಕೆಟ್ ಹರಿದು ಹರಿದು ಅಂಟಿಕೊಂಡ ಚಾಳಿ.

"ಅಯ್ಯೋ ಅಜ್ಜಾ, ಇ-ರೀಡರ್‌ಗೆ ಎಂಜಲು ಹಚ್ಚಬೇಡಿ ಅಂತ ಎಷ್ಟು ಸಲ ಹೇಳಿದೀನಿ! ನೋಡಿ, ಪುಟಗಳೆಲ್ಲ ಹಾರಿಹೋದ್ವು," ಎಂದು ಎಲೆಕ್ಟ್ರಾನಿಕ್ಸ್ ಅಂಗಡಿಯ ಹುಡುಗಿ, ಪುಸ್ತಕ ಓದುವ ಆ ಯಂತ್ರದ ಪರದೆ ಒರೆಸುತ್ತ ಗದರಿದಳು.

ಬೈಸಿಕೊಂಡದ್ದಕ್ಕೆ ಅವರಿಗೆ ಒಳಗೊಳಗೇ ಖುಷಿ. ಹೆಂಡತಿ ಹೋದಮೇಲೆ ಬೈಯುವವರಿಗೂ ಬರ ಬಂದಿತ್ತು. ಇರುವುದು ಮೂರನೇ ಮಹಡಿಯ ಒಂದು ಕೋಣೆ. ಎದುರು ಮನೆಯವರು ಲಿಫ್ಟಿನಲ್ಲಿ ಸಿಕ್ಕರೂ ಫೋನಿನಿಂದ ತಲೆ ಎತ್ತುತ್ತಿರಲಿಲ್ಲ. ಒಂದು ಕಾಲಕ್ಕೆ ಅರ್ಧ ಊರಿನ ಜೊತೆ ಗಂಟಲು ಹರಿದುಕೊಂಡ ಮನುಷ್ಯನಿಗೆ ಈಗ ಕೆಲವು ಸಂಜೆ ಬಾಯಿ ತೆರೆದರೆ ಸ್ವರವೇ ಹೊರಡುತ್ತಿರಲಿಲ್ಲ.

ಮೊದಲ ದಿನ ಅಂಗಡಿಗೆ ನುಗ್ಗಿದ್ದು ಬಿಸಿಲು ತಾಳಲಾರದೆ. ಏನು ಬೇಕೆಂದು ಕೇಳಿದಾಗ ಕಣ್ಣಿಗೆ ಬಿದ್ದ ಇ-ರೀಡರ್ ತೋರಿಸಿದ್ದರು. "ಪುಟ ತಿರುಗಿಸೋದ್ರಲ್ಲೇ ಬೇರೆ ಬೇರೆ ಥರ ಇದೆ. ನಿಧಾನಕ್ಕೆ ಹೋಲಿಸಿ ನೋಡಿ," ಎಂದಿದ್ದಳು ಹುಡುಗಿ. ಆ ಮಾತನ್ನು ಅವರು ಗಟ್ಟಿಯಾಗಿ ಹಿಡಿದುಕೊಂಡರು. ಹೋಲಿಸುವುದು ಮುಗಿಯದಿರುವಷ್ಟು ದಿನ ಬರಲು ನೆಪವಿರುತ್ತದೆ. ಮುಗಿದರೆ ಮತ್ತೆ ಆ ಕೋಣೆಯೇ ಗತಿ.

ಹಾಗಾಗಿ ಕೊಂಕು ತೆಗೆಯುವುದರಲ್ಲಿ ನಿಸ್ಸೀಮರಾದರು. ಮುಟ್ಟಿದರೆ ತಿರುಗುವುದಕ್ಕೆ ಅತಿ ಅವಸರ, ನೊಣ ಕೂತರೂ ಕಥೆ ಮುಂದಕ್ಕೆ. ಸವರಿದರೆ ತಿರುಗುವುದು ಮಹಾ ಮೊಂಡು. ಇವರ ಒರಟು ಬೆರಳನ್ನು ಅದು ಬೆರಳೆಂದೇ ಒಪ್ಪುತ್ತಿರಲಿಲ್ಲ. ಇನ್ನು ದೂರದಿಂದ ಒತ್ತುವ ಪುಟ್ಟ ರಿಮೋಟು. "ಓದೋನು ಇಲ್ಲಿ, ಪುಸ್ತಕ ಅಲ್ಲಿ! ಮುನಿಸ್ಕೊಂಡ ಗಂಡ ಹೆಂಡ್ತಿ ಥರ," ಎಂದರು. ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮನೆಯಲ್ಲಿ ಒಬ್ಬರೇ ಉಣ್ಣುವಾಗ ಆ ನಗುವನ್ನು ನೆನೆಸಿಕೊಂಡು ಇನ್ನೆರಡು ತುತ್ತು ಹೆಚ್ಚಿಗೆ ಉಂಡರು.

ಕಷ್ಟಕ್ಕೆ ಸಿಕ್ಕಿಸಿದ್ದು ಪಕ್ಕದಲ್ಲಿ ಬಟನ್ ಇದ್ದ ಇ-ರೀಡರ್. ಒತ್ತಿದರೆ ಟಕ್ಕೆಂದು ಒಂದೇ ಪುಟ. ಎಂಜಲಿಗೂ ಜಗ್ಗುತ್ತಿರಲಿಲ್ಲ. ಹಳೆಯ ಟಿಕೆಟ್ ಕಟ್ಟಿನಂತೆ ಅಂಗೈಯಲ್ಲಿ ಕೂರುತ್ತಿತ್ತು. ಎಷ್ಟು ತಡಕಿದರೂ ತಪ್ಪು ಸಿಗಲಿಲ್ಲ. ಸುಮ್ಮನೆ ಹಿಡಿದವರು ಮೈಮರೆತು ಒಂದಿಡೀ ಕಥೆ ಓದಿಬಿಟ್ಟರು. ಕೌಂಟರಿನಿಂದ ಹುಡುಗಿ ಅದನ್ನೇ ನೋಡುತ್ತಿದ್ದಳೆಂದು ಅವರಿಗೆ ಗೊತ್ತಾಗಲಿಲ್ಲ.

ಮರುದಿನ ಹೋದಾಗ ಡಬ್ಬಿ ಸಿದ್ಧವಾಗಿತ್ತು.

"ಅಜ್ಜಾ, ಬಟನ್‌ದೇ ನಿಮಗೆ ಸರಿ. ಓನರ್ ಹತ್ರ ಕಾಡಿ ಬೇಡಿ ರೇಟು ಇಳಿಸಿದೀನಿ. ಪಾಪ, ಆ ಮಂಡಿ ನೋವು ಇಟ್ಕೊಂಡು ದಿನಾ ಇಷ್ಟು ದೂರ ಬರ್ತೀರ. ಇನ್ನು ಆ ಕಷ್ಟ ತಪ್ತು!"

ತನ್ನ ಅಜ್ಜನಿಗೇ ಮಾಡಿದಷ್ಟು ಸಂತೋಷ ಅವಳ ಮುಖದಲ್ಲಿತ್ತು. ಅದನ್ನು ಕೆಡಿಸಲು ಅವರಿಗೆ ಮನಸ್ಸಾಗಲಿಲ್ಲ. ದುಡ್ಡು ಕೊಟ್ಟು ಡಬ್ಬಿ ತೆಗೆದುಕೊಂಡರು, ಆದರೆ ಕಾಲು ಬಾಗಿಲ ಕಡೆ ಏಳಲಿಲ್ಲ.

"ಬಟನ್ ಕೆಟ್ರೆ ಇಲ್ಲಿಗೇ ತರಬೇಕಲ್ವಾ?" ಎಂದು ಆಸೆಯಿಂದ ಕೇಳಿದರು.

"ಇದು ಕೆಡೋದೇ ಇಲ್ಲ ಅಜ್ಜಾ! ಹತ್ತು ವರ್ಷ ಈ ಕಡೆ ತಲೆ ಹಾಕೋ ಹಾಗಿಲ್ಲ ನೀವು," ಎಂದು ಹುಡುಗಿ ಧೈರ್ಯ ಹೇಳಿ, ಮುಂದಿನ ಗಿರಾಕಿಯ ಕಡೆ ತಿರುಗಿದಳು.